ಕಲಬೆರಕೆಗೆ ಕಡಿವಾಣ ಹಾಕಿದವರು ಯಾರು?



ಅಂಗಡಿಯಲ್ಲಿ ಕೊಂಡ ಹಾಲು ಶುದ್ಧವೇ ಎಂದು ನೋಡಬೇಕಾದವರು ಯಾರು? ದೇಶದ ಸರ್ಕಾರವೇ, ಊರಿನ ಪುರಸಭೆಯೇ, ಕೊಳ್ಳುವ ನಾವೇ? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಇದಕ್ಕೆ ಉತ್ತರ ಹುಡುಕಲು ದಶಕಗಳ ಕಾಲ ಹೆಣಗಿತು.

1850ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹಸ್ಸಾಲ್ ಅಂಗಡಿಗಳ ಆಹಾರವನ್ನು ಕೊಂಡು ಪರೀಕ್ಷಿಸಿದರು. ಕಾಫಿಪುಡಿಯಲ್ಲಿ ಚಿಕೋರಿ, ಬ್ರೆಡ್ಡಿನಲ್ಲಿ ಪಟಿಕ, ಹಾಲಿನಲ್ಲಿ ನೀರು! ‘ಲ್ಯಾನ್ಸೆಟ್’ ಪತ್ರಿಕೆ ಆ ವ್ಯಾಪಾರಿಗಳ ಹೆಸರು, ವಿಳಾಸಗಳನ್ನೇ ಅಚ್ಚುಹಾಕಿತು.

1858ರಲ್ಲಿ ಬ್ರಾಡ್‌ಫೋರ್ಡ್ ಪಟ್ಟಣದಲ್ಲಿ ದೊಡ್ಡ ದುರಂತವೇ ನಡೆಯಿತು. ಸಕ್ಕರೆ ತುಟ್ಟಿಯೆಂದು ಪೆಪ್ಪರ್‌ಮೆಂಟಿಗೆ ಅಗ್ಗದ ಬಿಳಿ ಪುಡಿ ಬೆರೆಸುವುದು ಅಲ್ಲಿ ರೂಢಿಯಾಗಿತ್ತು. ಔಷಧದಂಗಡಿಯ ಸಹಾಯಕ ಅದರ ಬದಲು ತಪ್ಪಿ ಆರ್ಸೆನಿಕ್ ಕೊಟ್ಟ. ಸುಮಾರು 20 ಜನ ಸತ್ತರು; 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

1860ರಲ್ಲಿ ಕಾನೂನು ಬಂತು. ಸ್ಥಳೀಯ ಸಂಸ್ಥೆಗಳು ಆಹಾರ ವಿಶ್ಲೇಷಕರನ್ನು ‘ನೇಮಿಸಬಹುದು’ ಎಂದಿತು. ಆ ‘ಬಹುದು’ ಎಂಬ ಪದದಲ್ಲೇ ಕಾನೂನು ಸೋತಿತು. ವಿಶ್ಲೇಷಕರಿಗೆ ಸಂಬಳ ಕೊಡಬೇಕಾದದ್ದು ಊರಿನ ತೆರಿಗೆಯಿಂದ. ಸಭೆಯಲ್ಲಿ ಕೂತವರಲ್ಲಿ ವ್ಯಾಪಾರಿಗಳೂ ಇದ್ದರು. ನೇಮಿಸಿದ ಊರುಗಳು ಬೆರಳೆಣಿಕೆಯಷ್ಟು. ವಿಶ್ಲೇಷಕನಿದ್ದ ಕಡೆಯೂ ಗ್ರಾಹಕನೇ ಮಾದರಿ ಒಯ್ದು ಶುಲ್ಕ ತೆರಬೇಕಿತ್ತು. ಬಡವರು ಅಲ್ಲಿಗೆ ಹೋಗುವುದುಂಟೇ?

1872ರ ಕಾನೂನು ಮಾದರಿ ಸಂಗ್ರಹಿಸುವ ಕೆಲಸವನ್ನು ಇನ್‌ಸ್ಪೆಕ್ಟರರಿಗೆ ವಹಿಸಿತು. 1875ರ ಕಾನೂನು ಅದಕ್ಕೆ ಗಟ್ಟಿಯಾದ ಕ್ರಮ ಕೊಟ್ಟಿತು. ಇನ್‌ಸ್ಪೆಕ್ಟರ್ ದುಡ್ಡು ಕೊಟ್ಟು ಪದಾರ್ಥ ಕೊಳ್ಳುತ್ತಾನೆ. ಆಮೇಲೆ, ಇದನ್ನು ಪರೀಕ್ಷೆಗೆ ಕಳಿಸುವುದಾಗಿ ವ್ಯಾಪಾರಿಗೆ ತಿಳಿಸುತ್ತಾನೆ. ಮಾದರಿಯನ್ನು ಮೂರು ಪಾಲು ಮಾಡಿ ಮೊಹರು ಹಾಕಬಹುದು: ಒಂದು ವ್ಯಾಪಾರಿಗೆ, ಒಂದು ವಿಶ್ಲೇಷಕರಿಗೆ, ಇನ್ನೊಂದು ಇನ್‌ಸ್ಪೆಕ್ಟರನ ಬಳಿ. ಮೂರೇಕೆ? ತಕರಾರು ಬಂದರೆ ನ್ಯಾಯಾಲಯ ಇನ್ನೊಮ್ಮೆ ಸರ್ಕಾರಿ ರಸಾಯನಜ್ಞರಿಂದ ಪರೀಕ್ಷೆ ಮಾಡಿಸಬಹುದು. ಹೀಗೆ ಗ್ರಾಹಕನಿಗೂ ರಕ್ಷಣೆ, ಪ್ರಾಮಾಣಿಕ ವ್ಯಾಪಾರಿಗೂ ರಕ್ಷಣೆ.

ಆದರೂ ಕೆಲವು ಊರುಗಳು ಚುರುಕಾಗಿದ್ದವು, ಕೆಲವು ಕಣ್ಣುಮುಚ್ಚಿ ಕುಳಿತಿದ್ದವು. ಅಂಥ ಊರುಗಳಲ್ಲಿ ಕೇಂದ್ರವೇ ಕೈಹಾಕುವ ಅಧಿಕಾರ 1899ರಲ್ಲಿ ಬಂತು.

ನಮಗೂ ಇದರ ನಂಟಿದೆ. ಗ್ರಾಹಕ ಕೇಳಿದ ಸ್ವರೂಪ ಮತ್ತು ಗುಣಮಟ್ಟದ ಪದಾರ್ಥವನ್ನೇ ಕೊಡಬೇಕೆಂಬ 1875ರ ಸೂತ್ರ ಭಾರತದ 1954ರ ಕಲಬೆರಕೆ ತಡೆ ಕಾಯ್ದೆಯಲ್ಲೂ ಇತ್ತು. 2011ರಿಂದ ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆ ಜಾರಿಯಲ್ಲಿದೆ. ಅದರಂತೆ ನೀವೂ ಶುಲ್ಕ ಕೊಟ್ಟು ಆಹಾರವನ್ನು ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸು.

ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಯಾರು? ನಾಳೆಯೇ ವಿಚಾರಿಸಿ ನೋಡಿ.