ಮೊದಲು ಎರಡು ಬಾಟಲಿ ನೀರು



ಶಾಲೆಗೆ ನೀರಿನ ಫಿಲ್ಟರ್ ಕೊಡಿಸಲು ಹಳೆಯ ವಿದ್ಯಾರ್ಥಿಗಳು ದುಡ್ಡು ಸೇರಿಸುತ್ತಿದ್ದೇವೆ. ಒಳ್ಳೆಯ ಕೆಲಸ. ಆದರೆ ಅದರಲ್ಲಿ ಸ್ವಲ್ಪವನ್ನು ಮೊದಲು ಪ್ರಯೋಗಾಲಯದ ಪರೀಕ್ಷೆಗೆ ಇಡೋಣ ಎಂದು ಕೇಳಲು ನಿಂತಿದ್ದೇನೆ.

2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಟಿ.ವಿ.ಯವರೆಲ್ಲ ಬಂದರು. ನೊರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ನೀರಿನಲ್ಲಿ ಸೀಸ ಸೇರಿದರೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು. ಅದು ಕೆಡಿಸುವುದು ಮಕ್ಕಳ ಮಿದುಳನ್ನು. ಜಾರ್ಜ್ ಫೌಂಡೇಶನ್‌ನವರು ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಮಾಡಿಸಿದ ರಕ್ತ ಪರೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಂದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿಮೀರಿತ್ತು. ಮರುವರ್ಷ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೆಯ ಹಿತ್ತಾಳೆ ನಲ್ಲಿ, ಬೆಸುಗೆ, ಕೆಲವು ಪಿ.ವಿ.ಸಿ. ಪೈಪುಗಳಲ್ಲಿ ಸೀಸ ಇನ್ನೂ ಇರಬಹುದು.

ಫಿಲ್ಟರ್ ಮಾರುವವರು ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಅದ್ದಿ ತೋರಿಸುತ್ತಾರಲ್ಲ, ಅದು ಕರಗಿದ ಲವಣಗಳ ಒಟ್ಟು ಅಂದಾಜು ಅಷ್ಟೆ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ 6,000 ಲೀಟರಿನ ಒಂದು ಟ್ಯಾಂಕರ್ ನೀರಿಗೆ ಮೂರು ಅಕ್ಕಿಕಾಳಿನ ತೂಕ. ಅಷ್ಟು ಸಣ್ಣದು ಆ ಪೆನ್ನಿಗೆ ಕಾಣುವುದೇ ಇಲ್ಲ.

ಪ್ರಯೋಗಾಲಯದಲ್ಲಿ ಐ.ಸಿ.ಪಿ.-ಎಂ.ಎಸ್. ಎಂಬ ಯಂತ್ರವಿರುತ್ತದೆ. ನೀರನ್ನು ಮಂಜಿನ ಹಾಗೆ ಮಾಡಿ, ಸಾವಿರಾರು ಡಿಗ್ರಿ ಕಾವಿನ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಬಿಟ್ಟು, ತೂಕದ ಮೇಲೆ ಸೀಸದ ಕಣಗಳನ್ನು ಎಣಿಸುತ್ತದೆ. ಜೊತೆಗೆ ಸೀಸವಿಲ್ಲದ ಶುದ್ಧ ನೀರನ್ನೂ, ಗೊತ್ತಿರುವಷ್ಟು ಸೀಸ ಬೆರೆಸಿದ ನೀರನ್ನೂ ಓಡಿಸಿ ಯಂತ್ರವನ್ನೇ ಪರೀಕ್ಷಿಸುತ್ತಾರೆ. ನಾವು ಸಾಫ್ಟ್‌ವೇರಿನವರು ಟೆಸ್ಟ್ ಕೇಸ್ ಬರೆಯುವುದೂ ಇದಕ್ಕೇ.

ಯಂತ್ರ ಎಷ್ಟೇ ಒಳ್ಳೆಯದಿರಲಿ, ನೀರು ಹಿಡಿಯುವುದರಲ್ಲೇ ಅರ್ಧ ಉತ್ತರವಿದೆ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು, ಒಂದು ಹನಿಯನ್ನೂ ಚೆಲ್ಲದೆ ಒಂದು ಬಾಟಲಿ. ಐದು ನಿಮಿಷ ನೀರು ಬಿಟ್ಟು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಸೀಸ ಹೆಚ್ಚಿದ್ದರೆ ಅನುಮಾನ ನಲ್ಲಿ, ಪೈಪಿನ ಮೇಲೆ. ಫಿಲ್ಟರಿಗಿಂತ ಅಗ್ಗಕ್ಕೆ ನಲ್ಲಿ ಬದಲಿಸಬಹುದು. ಎರಡರಲ್ಲೂ ಹೆಚ್ಚಿದ್ದರೆ ಬೋರ್‌ವೆಲ್ಲನ್ನೂ ಟ್ಯಾಂಕನ್ನೂ ನೋಡಬೇಕು. ಬಾಟಲಿ ಪ್ರಯೋಗಾಲಯದ್ದೇ ಆಗಿರಲಿ, ತೊಳೆದ ಬಿಸ್ಲೆರಿ ಬಾಟಲಿ ಬೇಡ. ಸೀಸ ಗೋಡೆಗೆ ಅಂಟದಂತೆ ಅವರು ನೈಟ್ರಿಕ್ ಆಮ್ಲ ಸೇರಿಸುತ್ತಾರೆ. ಮಕ್ಕಳ ಕೈಗೆ ಕೊಡಬೇಡಿ.

ಸೋಮವಾರ ಬೇಡ, ಭಾನುವಾರವಿಡೀ ನಿಂತ ನೀರು ದಿನನಿತ್ಯದ ಲೆಕ್ಕ ಕೊಡದು. ಬರುವ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಾಟಲಿಗಳೊಂದಿಗೆ ಬರುತ್ತೇನೆ. ಗೇಟಿನ ಬೀಗದ ಕೈ ಇರುವವರು ದಯವಿಟ್ಟು ಅಷ್ಟು ಹೊತ್ತಿಗೆ ಬನ್ನಿ.