ಗುಡ್ಡದ ಮಟ್ಟಸ ನೆಲವೂ ಸವಾರನ ಡೇರೆಯೂ

(ಗಾಳಿಬೀಡಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕ್ಯಾರಿಯರಿಗೆ ಡೇರೆ ಬಿಗಿದುಕೊಂಡು ಸೈಕಲ್ ಪ್ರವಾಸ ಹೊರಡುವ ಉತ್ಸಾಹ ನಿಮ್ಮಲ್ಲಿ ಹಲವರಿಗಿದೆ. ಹೊಗೆಯುಗುಳದ ಈ ಪ್ರಯಾಣ ಸ್ವಾಗತಾರ್ಹವೇ ಸರಿ. ಆದರೆ ರಾತ್ರಿಯ ತಂಗುದಾಣವನ್ನು ಕತ್ತಲಾದ ಮೇಲೆ ಹುಡುಕುವ ರೂಢಿ ನಮ್ಮ ಗುಡ್ಡಗಳಿಗೆ ಹೊಂದುವುದಿಲ್ಲ.

ದಣಿದ ಸವಾರನ ಕಣ್ಣು ಅರಸುವುದು ಮಟ್ಟಸ ನೆಲವನ್ನು. ಗುಡ್ಡದಲ್ಲಿ ಅಂತಹ ನೆಲ ಸುಮ್ಮನೆ ಉಂಟಾಗುವುದಿಲ್ಲ. ಅದು ಹೇಗೆ ಉಂಟಾಯಿತೆಂದು ಮೊದಲು ಕೇಳಬೇಕು. ತೊರೆಯ ಬದಿಯ ಮಟ್ಟಸ ಜಾಗ ನೆರೆನೀರು ತಂದು ಹರಡಿದ ಮರಳು ಮಣ್ಣು. ಮೇಲೆಲ್ಲೋ ಮಳೆ ಸುರಿದರೆ ನೀರು ಮತ್ತೆ ಅಲ್ಲಿಗೇ ಬರುತ್ತದೆ. ರಸ್ತೆಯಂಚಿನ ಮಟ್ಟಸ ಜಾಗ ಬಹುಮಟ್ಟಿಗೆ ಬರೆ ಕಡಿದು, ಮಣ್ಣು ತುಂಬಿ ಮಾಡಿದ್ದು. ಕಡಿದ ಬರೆಗೆ ಬುಡದ ಆಸರೆಯಿಲ್ಲ, ತುಂಬಿದ ಮಣ್ಣಿಗೆ ಬೇರಿನ ಬಿಗಿಯಿಲ್ಲ. 2018ರ ಆಗಸ್ಟ್‌ನಲ್ಲಿ ಮೊಣ್ಣಂಗೇರಿ, ಕಾಲೂರು, ಮಕ್ಕಂದೂರು ಕಡೆಗಳಲ್ಲಿ ನೀರು ಹೀರಿ ಭಾರವಾದ ಗುಡ್ಡಗಳು ಜರಿದು ಮನೆ ತೋಟಗಳು ಮಣ್ಣುಪಾಲಾದುದನ್ನು ನಾವು ಮರೆಯಲಾಗದು. ಇನ್ನು ಕಾಡಿನೊಳಗೆ ಸವೆದು ಅಗಲವಾದ ಹಾದಿ ಆನೆಗಳದ್ದಾಗಿರಬಹುದು. ಗದ್ದೆಯ ಬಯಲಿಗೂ ಪೈರು ಮಾಗುವ ಕಾಲದಲ್ಲಿ ಅವು ಇಳಿಯುತ್ತವೆ.

ಕೊಡಗಿನಲ್ಲಿ ಯಾರದೂ ಅಲ್ಲದ ನೆಲವೆಂಬುದಿಲ್ಲ. ಬಾಣೆಗೆ, ಕಾಫಿ ತೋಟಕ್ಕೆ ಒಡೆಯರಿದ್ದಾರೆ. ದೇವರಕಾಡಿಗೆ ಊರಿನ ಕಟ್ಟುಪಾಡಿದೆ. ಇಲ್ಲಿಂದ ಕಡಮಕಲ್ಲಿನ ಮೂಲಕ ಸುಬ್ರಹ್ಮಣ್ಯದತ್ತ ಸಾಗುವ ದಾರಿ ದಟ್ಟಾರಣ್ಯವನ್ನು ಹಾಯುತ್ತದೆ. ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ನಿರ್ಬಂಧಗಳಿವೆ. ಅಲ್ಲಿ ಅಡುಗೆಗೆಂದು ಬೆಂಕಿ ಹೊತ್ತಿಸುವುದು ಕಾನೂನಿಗೂ ಕಾಡಿಗೂ ಮಾಡುವ ಅಪಚಾರ.

ಆದುದರಿಂದ ಯೋಜನೆ ಮನೆಯಲ್ಲಿಯೇ ಆರಂಭವಾಗಲಿ. ನಕ್ಷೆಯಲ್ಲಿ ಏರು, ತೊರೆ, ಅರಣ್ಯದ ಗಡಿಗಳನ್ನು ಗುರುತಿಸಿಕೊಳ್ಳಿ. ಬಯಲಿನಲ್ಲಿ ದಿನಕ್ಕೆ ಕ್ರಮಿಸುವ ದೂರದ ಅರ್ಧವನ್ನಷ್ಟೇ ಇಲ್ಲಿ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ರಾತ್ರಿಗೂ ಎರಡು ತಾಣಗಳಿರಲಿ. ಎರಡನೆಯದು ಮೊದಲನೆಯದಕ್ಕಿಂತ ಹಿಂದೆಯೇ ಇದ್ದರೆ ಒಳಿತು. ಶಾಲೆಯ ಜಗಲಿ, ದೇವಸ್ಥಾನದ ಅಂಗಳ, ಪರಿಚಿತರ ಮನೆಯ ಕಣ ಇವುಗಳಿಗೆ ಮುಂಚಿತವಾಗಿಯೇ ಒಪ್ಪಿಗೆ ಪಡೆಯಿರಿ. ಸಂಜೆ ನಾಲ್ಕರೊಳಗೆ ತಲುಪಿ, ಬೆಳಕಿರುವಾಗಲೇ ಸುತ್ತಲಿನ ನೆಲವನ್ನು ನೋಡಿರಿ. ಬಿರುಕು ಬಿಟ್ಟ ನೆಲ, ಓರೆಯಾಗಿ ವಾಲಿದ ಮರಗಳು, ಹಠಾತ್ತನೆ ಕೆಂಪಾದ ಒರತೆ ಕಂಡಲ್ಲಿ ನಿಲ್ಲಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೇರೆಯ ಯೋಚನೆಯೇ ಬೇಡ.

ಹಿರಿಯರಲ್ಲಿ ಒಂದು ವಿನಂತಿ. ಊರಿನ ಯಾವ ಅಂಗಳಗಳು ದಾರಿಹೋಕರಿಗೆ ಸುರಕ್ಷಿತವೆಂಬುದನ್ನು ಗ್ರಾಮಸಭೆಯಲ್ಲಿ ಕುಳಿತು ನಿರ್ಣಯಿಸಿರಿ. ಯಾವ ಬರೆ ಯಾವಾಗ ಜರಿದಿತ್ತು, ಆನೆ ಎಲ್ಲಿ ಹಾಯುತ್ತದೆ ಎಂಬ ನಿಮ್ಮ ತಿಳಿವಳಿಕೆ ಯಾವ ನಕ್ಷೆಯಲ್ಲಿಯೂ ಇಲ್ಲ. ಕೇಳಿ ಬಂದವರಿಗೆ ಅದನ್ನು ಹೇಳಿರಿ. ಕೇಳದೆ ಡೇರೆ ಹೂಡಿದವರಿಗೂ ಹೋಗಿ ಹೇಳಿರಿ.