ಹಳೆಯ ಕಾರ್ಬುರೇಟರ್: ರಿಪೇರಿಯೋ, ಬದಲಿಯೋ?

ಗಡಿಯ ಆಚೆ ಈಚೆ ಭಾಷೆ ಬದಲಾದರೂ ಗ್ಯಾರೇಜಿನಲ್ಲಿ ಕಾರ್ಬುರೇಟರ್ ಎಂಬ ಮಾತು ಬದಲಾಗುವುದಿಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಇಂಜಿನ್ನಿಗೆ ಕೊಡುವುದು ಅದರ ಕೆಲಸ. ಗಾಡಿ ಎಳೆಯದಿದ್ದರೆ, ಪೆಟ್ರೋಲು ಹೆಚ್ಚು ಕುಡಿದರೆ, ಮೊದಲು ಬೈಗುಳ ತಿನ್ನುವುದೂ ಅದೇ. ಹಳೆಯದಾದ ಕಾರ್ಬುರೇಟರನ್ನು ಬಿಚ್ಚಿ ಸರಿಪಡಿಸಬೇಕೇ, ತೆಗೆದು ಬೇರೆಯದನ್ನು ಹಾಕಬೇಕೇ? ಈ ಪ್ರಶ್ನೆಯನ್ನು ಇಂದು ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಮೂಲಕ ನೋಡೋಣ.

ಅದು ಇಂಗ್ಲೆಂಡಿನ ಎಂ.ಜಿ.ಬಿ. ಕಾರು. 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇಂದಿಗೂ ಜನ ಅವನ್ನು ಮುತುವರ್ಜಿಯಿಂದ ಓಡಿಸುತ್ತಾರೆ. ಅದು ನಮಗೆ ತೀರ ದೂರದ್ದೇನಲ್ಲ. ಅದರ 1798 ಸಿ.ಸಿ. ಇಂಜಿನ್ನೂ ನಾವು ಕಂಡ ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಇಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಅಂಬಾಸಡರಿಗೆ ಎಸ್.ಯು. ಎಂಬ ಕಾರ್ಬುರೇಟರ್ ಒಂದಿದ್ದರೆ, ಎಂ.ಜಿ.ಬಿ.ಗೆ ಒಂದೂವರೆ ಇಂಚಿನವು ಎರಡು.

ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಬೂಟಿನ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸಹೋದರರು 1910ರಲ್ಲಿ ಕಟ್ಟಿದ ಕಂಪನಿ ಅದು. ಮೊದಲ ಮಾದರಿಗಳಲ್ಲಿ ಚರ್ಮದ ತಿದಿ ಇತ್ತು. ಮುಂದೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇಂಜಿನ್ ಗಾಳಿ ಎಳೆದಂತೆ ಪಿಸ್ಟನ್ ಮೇಲೇರುತ್ತದೆ. ಅದರ ಕೆಳಗೆ ಮೊನಚಾಗುತ್ತ ಹೋಗುವ ಸೂಜಿ ಇದೆ. ಆ ಸೂಜಿ ಹಿತ್ತಾಳೆಯ ಜೆಟ್ಟಿನೊಳಗೆ ಇಳಿದಿರುತ್ತದೆ. ಸೂಜಿ ಮೇಲೇರಿದಷ್ಟೂ ಪೆಟ್ರೋಲಿನ ದಾರಿ ಅಗಲ. ನಮ್ಮ ಕೆಲವು ಹಳೆಯ ಬೈಕುಗಳ ಕಾರ್ಬುರೇಟರಿನಲ್ಲಿಯೂ ಇದೇ ತತ್ತ್ವವಿದೆ.

ಲೆಕ್ಕ ಹೊಂದದಿದ್ದರೆ ಯಾರೂ ಇಡೀ ಲೆಡ್ಜರನ್ನು ಹರಿದು ಹಾಕುವುದಿಲ್ಲ. ತಪ್ಪಿದ ನಮೂದನ್ನು ಹುಡುಕುತ್ತಾರೆ. ಇಲ್ಲಿಯೂ ಹಾಗೆಯೇ. ಮೊದಲು ವಾಲ್ವುಗಳ ಸಂದು, ಬಳಿಕ ಪ್ಲಗ್ಗು, ಪಾಯಿಂಟು ಮತ್ತು ಟೈಮಿಂಗ್ ನೋಡಬೇಕು. ಕಾರ್ಬುರೇಟರಿಗೆ ಕೈ ಹಾಕುವುದು ಕಟ್ಟಕಡೆಗೆ. ಕಿಡಿಯ ದೋಷಕ್ಕೆ ಪೆಟ್ರೋಲಿನ ಸ್ಕ್ರೂ ತಿರುಗಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ಕೂಡುತ್ತದೆ.

ಎಸ್.ಯು.ನಲ್ಲಿ ಸವೆಯುವ ಭಾಗಗಳು ಕೆಲವೇ: ಸೂಜಿ, ಜೆಟ್ಟು, ಫ್ಲೋಟಿನ ವಾಲ್ವು, ಥ್ರಾಟಲ್ ಸ್ಪಿಂಡಲ್. ಇಂಜಿನ್ ನಿಲ್ಲಿಸಿ ಸ್ಪಿಂಡಲ್ಲನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಾಡಿಸಿ. ಆಟ ಬಂದಿದ್ದರೆ ಆ ಸಂದಿನಿಂದ ಕಳ್ಳಗಾಳಿ ಒಳಹೊಗುತ್ತದೆ. ಆಗ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಹೊಸ ಸ್ಪಿಂಡಲ್ ಸಾಕಾಗದಿದ್ದರೆ ಬಾಡಿಗೆ ಬುಷ್ ಹಾಕಿಸಬೇಕು. ಅದು ಲೇತ್ ಬಲ್ಲವರ ಕೆಲಸ.

ಬಿಚ್ಚುವಾಗ ಎರಡು ಮಾತು ನೆನಪಿರಲಿ. ಪಿಸ್ಟನ್ನೂ ಅದರ ಮೇಲಿನ ಡಬ್ಬಿಯೂ ಜೋಡಿಯಾಗಿ ತಯಾರಾದವು; ಎರಡು ಕಾರ್ಬುರೇಟರುಗಳದ್ದನ್ನು ಅದಲುಬದಲು ಮಾಡಬಾರದು, ಮರಳು ಕಾಗದದಿಂದ ತಿಕ್ಕಲೂಬಾರದು. ಇನ್ನು, ಮೇಲಿನಿಂದ ತುಂಬುವ ತೆಳು ಎಣ್ಣೆ ಬರೀ ನುಣುಪಿಗಲ್ಲ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಪಿಸ್ಟನ್ ಸರ್ರನೆ ಏರದಂತೆ ಅದು ತಡೆಯುತ್ತದೆ. ಆ ಗಳಿಗೆಗೆ ಪೆಟ್ರೋಲು ತುಸು ಹೆಚ್ಚು ಸಿಗುತ್ತದೆ. ಎಣ್ಣೆ ಖಾಲಿಯಾದರೆ ಗಾಡಿ ಮುಗ್ಗರಿಸುತ್ತದೆ.

ಜೋಡಿಸಿದ ಮೇಲೆ ಎರಡೂ ಸಮವಾಗಿ ಗಾಳಿ ಎಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರ ಸುಯ್ಯೆನ್ನುವ ಸದ್ದು ಒಂದೇ ಆಗುವವರೆಗೆ ಹೊಂದಿಸಬೇಕು. ಆಮೇಲೆ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಎತ್ತಿ ನೋಡಿ. ಇಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ, ಕ್ಷಣ ಮಾತ್ರ ಏರಿ ಮೊದಲಿನಂತಾದರೆ ಸರಿ.

ಕೆಲವರು ಈ ಜೋಡಿಯನ್ನು ತೆಗೆದು ಇಟಲಿ ಮೂಲದ ವೆಬರ್ ಒಂದನ್ನು ಹಾಕುತ್ತಾರೆ. ವೆಬರ್ ಒಳ್ಳೆಯದೇ. ರೇಸಿಗಾಗಿ ಬಲಪಡಿಸಿದ ಇಂಜಿನ್ನಿಗೆ ಅದು ಒಪ್ಪುತ್ತದೆ. ಆದರೆ ಅದಕ್ಕೆ ಬೇರೆ ಮ್ಯಾನಿಫೋಲ್ಡ್ ಬೇಕು. ಹಲವು ಬಗೆಯ ಜೆಟ್ಟುಗಳನ್ನು ಆ ಇಂಜಿನ್ನಿಗೇ ಆರಿಸಿ ಕೂರಿಸಬೇಕು. ಮಾಮೂಲು ಇಂಜಿನ್ನಿಗೆ ಅದರಿಂದ ಸಿಗುವ ಲಾಭ ಅಲ್ಪ, ಖರ್ಚು ದೊಡ್ಡದು. ಬದಲಿಸಿದರೂ ಹಳೆಯದನ್ನು ಗುಜರಿಗೆ ಹಾಕಬೇಡಿ. ಕಾರಿನ ಬೆಲೆಯಲ್ಲಿ ಅದಕ್ಕೂ ಪಾಲಿದೆ.

ಇನ್ನೊಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ 2021ರಿಂದ ಮಾಮೂಲು ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇದೆ. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಶೇಕಡಾ 20ಕ್ಕೆ ಬಂತು. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಅದು ಹಾಳು ಮಾಡಬಲ್ಲದು. ಪೆಟ್ರೋಲು ಜಿನುಗಿದರೆ ಬೆಂಕಿಯ ಅಪಾಯ. ಆದ್ದರಿಂದ ರಿಪೇರಿ ಮಾಡಿಸುವಾಗ ಎಥನಾಲ್ ತಾಳುವ ರಬ್ಬರನ್ನೇ ಕೇಳಿ ಹಾಕಿಸಿ. ಈ ಮಾತು ನಿಮ್ಮ ಹಳೆಯ ಬೈಕಿಗೂ ಸಲ್ಲುತ್ತದೆ.

2020ರ ಏಪ್ರಿಲಿನಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ನಮ್ಮ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಉಳಿದಿರುವ ಹಳೆಯವನ್ನು ಸರಿಪಡಿಸಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ನಿಮ್ಮೂರಿನಲ್ಲಿ ಅಂಥ ಮೇಸ್ತ್ರಿ ಇದ್ದರೆ, ಒಬ್ಬ ಹುಡುಗನನ್ನು ಅವರ ಬಳಿ ಕೂರಿಸಿ. ಬಿಡಿಭಾಗ ಅಂಗಡಿಯಲ್ಲಿ ಸಿಕ್ಕೀತು. ಸದ್ದು ಕೇಳಿ ದೋಷ ಹೇಳುವ ಕಿವಿ ಸಿಗುವುದಿಲ್ಲ.